ಒಣಮೀನಿನ ಗೋದಾಮಿಗೆ ಬಂದ ಆರು ಚೀಲ: ರಾಯಚೂರಿನ ಒಂದು ಪ್ರಕರಣ

ಇಲ್ಲಿ ಬರುವವರ ಹೆಸರು, ಓಣಿ, ಕಾಲೇಜು ಯಾವುದನ್ನೂ ಬರೆದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಒಣಮೀನು ಮಾರುವ ಹೆಂಗಸನ್ನು ಅಕ್ಕ ಎಂದು ಕರೆಯುತ್ತೇನೆ, ಎದುರಿಗೆ ಕರೆಯುವುದೂ ಹಾಗೆಯೇ. ಬರೆಯಲು ಒಪ್ಪಿಗೆ ಕೊಡುವಾಗ ಅವರು ಹಾಕಿದ ಶರತ್ತು ಒಂದೇ: "ನನ್ನ ಹೆಸರು ಬ್ಯಾಡ್ರಿ. ಆದ್ರ ನಾ ಅಂದದ್ದು ಬಿಡಬ್ಯಾಡ್ರಿ."

ಹಿನ್ನೆಲೆ

ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ, ನಡುವಿನ ಎಡೆದೊರೆ ನಾಡು ನಮ್ಮದು. ಮೀನೆಂದರೆ ನಮಗೆ ಹೊಳೆಯ ಮೀನು. ಕಡಲಿನ ಮೀನು ಇಲ್ಲಿಗೆ ಬರುವುದು ಒಣಗಿ, ಉಪ್ಪು ಹಿಡಿದು, ಚೀಲದಲ್ಲಿ. ಆಂಧ್ರದ ಮಚಲೀಪಟ್ಟಣ, ಕಾಕಿನಾಡ ಕಡೆಯ ಸರಕೇ ಹೆಚ್ಚು. ಬಿಸಿ ಜೋಳದ ರೊಟ್ಟಿಗೆ ಹುರಿದ ಒಣ ನೆತ್ತಲಿ ಇದ್ದರೆ ಬೇರೆ ಪಲ್ಯ ಬೇಡ ಎನ್ನುವ ಮನೆಗಳು ನಮ್ಮಲ್ಲಿ ಬಹಳ ಇವೆ. ಆ ಮನೆಗಳನ್ನು ನಂಬಿ ಅಕ್ಕ ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಸಂತೆಯಿಂದ ಸಂತೆಗೆ ತಿರುಗಿದ್ದಾರೆ. ಮಗ ಟೆಂಪೋ ಓಡಿಸುತ್ತಾನೆ. ಮಗಳು ಆಗ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಳು, ನನ್ನ ಪ್ರಾಣಿಶಾಸ್ತ್ರದ ತರಗತಿಯಲ್ಲಿ.

ಸರಕು ಕಳಿಸುತ್ತಿದ್ದವನು ಕರಾವಳಿಯ ಒಬ್ಬ ಕಮಿಷನ್ ಏಜೆಂಟ್. ಹನ್ನೆರಡು ವರ್ಷದ ವ್ಯವಹಾರ, ಪೂರ್ತಿ ಉದ್ರಿ. ಸಂತೆ ಮುಗಿದ ಮೇಲೆ ದುಡ್ಡು ಹೋಗುತ್ತಿತ್ತು. ಈ ಉದ್ರಿಯ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು, ಮುಂದಿನ ಪ್ರತಿಯೊಂದು ತೀರ್ಮಾನದ ಹಿಂದೆ ಅದರ ಭಾರವಿತ್ತು.

ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಅದಕ್ಕೆ ಮುಂಚೆ ಒಣಮೀನಿನವರು ಎರಡು ತಿಂಗಳ ಸರಕು ತುಂಬಿಟ್ಟುಕೊಳ್ಳುತ್ತಾರೆ. 2019ರ ಏಪ್ರಿಲ್‌ನಲ್ಲಿ ಬಂದ ಸರಕಿನ ಜೊತೆ ಬಾಯಿ ಹೊಲಿದ ಆರು ಚೀಲಗಳು ಬೇರೆಯಾಗಿ ಬಂದವು. ಏಜೆಂಟ್ ಫೋನ್ ಮಾಡಿದ್ದ. "ಸೊರ ರೆಕ್ಕೆ, ಔಷಧ ಕಂಪನಿಗೆ ಹೋಗ್ತದ. ನಮ್ಮ ಕಡೆ ಕಡಲ ಗಾಳಿಗೆ ಬೂಷ್ಟು ಹಿಡೀತದ, ನಿಮ್ಮೂರ ಬಿಸಿಲಿಗೆ ಚಲೋ ಇರ್ತದ. ಬಿಚ್ಚಬ್ಯಾಡ್ರಿ, ಎರಡು ತಿಂಗಳು ಇಟ್ಕೊಳ್ರಿ" ಎಂದಿದ್ದ. ಬಾಡಿಗೆ ಎಂದು ಹೇಳಿದ ಮೊತ್ತ ಅಕ್ಕನ ಎರಡು ತಿಂಗಳ ಸಂತೆಯ ಲಾಭಕ್ಕೆ ಸಮ. ಅರ್ಧ ಮುಂಗಡವೂ ಬಂತು.

ಸೊರ ಎಂದರೆ ತೆಲುಗಿನಲ್ಲಿ ಶಾರ್ಕ್. ಗಡಿಯ ಜನರಾದ ನಮಗೆ ಆ ಮಾತು ಹೊಸದಲ್ಲ. ರಾಯಚೂರಿನ ಬಿಸಿಲಿನ ಕಾರಣವೂ ನಂಬುವಂಥದ್ದೇ. ಕಡಲಿನಿಂದ ಇಷ್ಟು ದೂರದ ಊರಲ್ಲಿ ಶಾರ್ಕಿನ ರೆಕ್ಕೆ ಇದ್ದೀತೆಂದು ಯಾರೂ ಹುಡುಕುವುದಿಲ್ಲ ಎಂಬ ಇನ್ನೊಂದು ಕಾರಣ ನಮಗೆ ಹೊಳೆದದ್ದು ಬಹಳ ತಡವಾಗಿ.

ಒಂದು ರೆಕ್ಕೆ ನೋಡಿ ನಾನು ಹೇಳಿದ್ದು

ಒಂದು ಚೀಲದ ಹೊಲಿಗೆ ಸಡಿಲಾಗಿ ಒಂದು ರೆಕ್ಕೆ ಹೊರಗೆ ಬಿದ್ದಿತ್ತು. ಮಗಳು ಅದನ್ನು ಪೇಪರಿನಲ್ಲಿ ಸುತ್ತಿಕೊಂಡು ಪ್ರಯೋಗಾಲಯಕ್ಕೆ ತಂದಳು. "ಸರ್, ಇದು ಯಾವುದರದ್ದು? ಇಟ್ಕೊಂಡ್ರ ತಪ್ಪೇನು?"

ನಾನು ಎಂ.ಎಸ್ಸಿ. ಮಾಡುವಾಗ ಕೆಲವು ತಿಂಗಳು ಮಲ್ಪೆಯ ಬಂದರಿನಲ್ಲಿ ದಡಕ್ಕೆ ಬರುವ ಶಾರ್ಕ್‌ಗಳನ್ನು ಅಳೆದು ಬರೆದುಕೊಂಡವನು. ರೆಕ್ಕೆ ಅಂಗೈಗಿಂತ ದೊಡ್ಡದಿತ್ತು, ಎರಡೂ ಮುಖ ಒಂದೇ ಬೂದು ಬಣ್ಣ, ತುದಿ ಕಪ್ಪು. ಬೆನ್ನುರೆಕ್ಕೆ ಎಂದು ಗೊತ್ತಾಯಿತು. ಎದೆರೆಕ್ಕೆಯಾಗಿದ್ದರೆ ಮೇಲ್ಮುಖ ಕಪ್ಪಾಗಿ, ಕೆಳಮುಖ ಬಿಳಿಯಾಗಿ ಇರುತ್ತದೆ. ಶಾರ್ಕನ್ನು ಮೇಲಿನಿಂದ ನೋಡಿದರೆ ಕಡಲಿನ ಕತ್ತಲಲ್ಲಿ, ಕೆಳಗಿನಿಂದ ನೋಡಿದರೆ ಆಕಾಶದ ಬೆಳಕಲ್ಲಿ ಕರಗಿಹೋಗುವ ಬಣ್ಣಗಾರಿಕೆ ಅದು. ಕಪ್ಪು ತುದಿಯ ಶಾರ್ಕ್‌ಗಳು ನಮ್ಮ ಕಡಲಿನಲ್ಲಿ ಹಲವು ಜಾತಿ ಇವೆ. ಅವುಗಳಲ್ಲಿ ಸಾಮಾನ್ಯವಾಗಿ ಸಿಗುವವು ಆಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಎಂದರೆ ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿ, ಇರಲಿಲ್ಲ. ಹೊರದೇಶಕ್ಕೆ ಕಳಿಸುವುದಕ್ಕೆ ಮಾತ್ರ, ಯಾವುದೇ ಶಾರ್ಕಿನ ರೆಕ್ಕೆಯಾಗಲಿ, 2015ರ ಫೆಬ್ರವರಿಯಿಂದ ಪೂರ್ತಿ ನಿಷೇಧವಿದೆ.

"ಇದು ಸಾಮಾನ್ಯ ಜಾತಿ. ಇಟ್ಟುಕೊಂಡರೆ ಏನೂ ಆಗುವುದಿಲ್ಲ" ಎಂದೆ.

ರೆಕ್ಕೆಯ ಮಟ್ಟಿಗೆ ಈ ಮಾತು ಸರಿ, ಚೀಲದ ಮಟ್ಟಿಗೆ ಅಪಾಯದ್ದು. ಇಂಥದ್ದು ಎಷ್ಟಿದೆ, ಎಲ್ಲವೂ ಹೀಗೇ ಇವೆಯೇ ಎಂದು ನಾನು ಕೇಳಲಿಲ್ಲ. ದೇಶದೊಳಗೆ ಶಾರ್ಕಿನ ಮಾಂಸ ತಿನ್ನುವವರಿದ್ದಾರೆ, ರೆಕ್ಕೆಗೆ ಮಾತ್ರ ಊಟದ ಗಿರಾಕಿ ಇಲ್ಲ. ರಫ್ತು ನಿಷೇಧವಿರುವಾಗ ಆರು ಚೀಲ ರೆಕ್ಕೆ ಎಲ್ಲಿಗೆ ಹೊರಟಿದೆ ಎಂಬ ಪ್ರಶ್ನೆಯನ್ನೂ ಕೇಳಲಿಲ್ಲ. ನನ್ನ ಮಾತು ಕೇಳಿ ಆ ಮನೆಯವರು ನೆಮ್ಮದಿಯಾದರು. ಹತ್ತು ದಿನ ಹೋಯಿತು.

ಹನ್ನೊಂದನೆಯ ದಿನ ಅಕ್ಕನೇ ಕಾಲೇಜಿನ ಗೇಟಿಗೆ ಬಂದರು. ಸಂತೆಯ ದಿನ ಬಿಟ್ಟು ಬಂದಿದ್ದರು. ಅವರು ಅಂದದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ: "ಸರ್, ಗಂಜಿನಾಗ ಜೋಳದ ಚೀಲ ಬಂದ್ರ ಮ್ಯಾಲ ಚುಚ್ಚಿ ನೋಡ್ತಾರ, ನಡುವ ಚುಚ್ಚಿ ನೋಡ್ತಾರ, ತಳಕ್ಕ ಚುಚ್ಚಿ ನೋಡ್ತಾರ. ಮೂರೂ ಕಡಿ ಕಾಳು ಕೈಯಾಗ ಹಿಡದು ರೇಟ್ ಹೇಳ್ತಾರ. ನೀವು ಒಂದ ರೆಕ್ಕಿ ನೋಡಿ ಆರು ಚೀಲದ ಮಾತು ಹೇಳೀರಿ."

ಪ್ರಕರಣ ತಿರುಗಿದ್ದು ಇಲ್ಲಿ. ಆ ಸಂಜೆಯೇ ಗೋದಾಮಿಗೆ ಹೋದೆ.

ಗೋದಾಮಿನಲ್ಲಿ

ತಗಡಿನ ಸೂರು, ಮೇ ತಿಂಗಳ ಕಾವು, ಒಣಮೀನಿನ ವಾಸನೆ. ತಾಡಪಾಲು ಹಾಸಿ ಒಂದೊಂದೇ ಚೀಲ ಬಿಚ್ಚಿ, ಮೇಲಿನಿಂದ, ನಡುವಿನಿಂದ, ತಳದಿಂದ ತೆಗೆದೆವು.

ಶಾರ್ಕಿಗೆ ಎಲುಬಿಲ್ಲ, ಅಸ್ಥಿಪಂಜರವೆಲ್ಲ ಮೃದ್ವಸ್ಥಿ, ನಮ್ಮ ಹೊರಕಿವಿಯಲ್ಲಿರುವಂಥದ್ದು. ರೋಹು ಮೀನಿನ ರೆಕ್ಕೆ ಹಿಡಿದರೆ ಗಣ್ಣುಗಣ್ಣಾದ ಎಲುಬಿನ ಕಡ್ಡಿಗಳು ಸಿಗುತ್ತವೆ. ಶಾರ್ಕಿನ ರೆಕ್ಕೆಯೊಳಗೆ ಇರುವುದು ಸೂಜಿಯಂಥ, ಗಣ್ಣಿಲ್ಲದ ನಾರು, ಸೆರಟೋಟ್ರೈಕಿಯಾ. ಹಾಂಗ್‌ಕಾಂಗ್‌ನಂಥ ಊರುಗಳ ಮದುವೆಯೂಟದ ಸೂಪಿಗೆ ಬೇಕಾಗುವುದು ಈ ನಾರು ಮಾತ್ರ. ಅದಕ್ಕೆ ತನ್ನದೆಂಬ ರುಚಿಯಿಲ್ಲ, ಸೂಪಿನ ರುಚಿ ಕೋಳಿ, ಹಂದಿಯ ರಸದ್ದು. ರುಚಿಯಿಲ್ಲದ ನಾರಿಗಾಗಿ ಇಡೀ ಪ್ರಾಣಿ ಹೋಗುತ್ತದೆ ಎಂದಾಗ ಅಕ್ಕ ಎರಡು ಸಲ ಕೇಳಿದರು, "ಖರೇನ?"

ಶಾರ್ಕಿನ ಚರ್ಮದ ಹುರುಪೆಗಳು ಸಣ್ಣ ಹಲ್ಲುಗಳ ಹಾಗೆ. ರಚನೆಯಲ್ಲೂ ಹಲ್ಲೇ, ಒಳಗೆ ತಿರುಳು, ಮೇಲೆ ಗಟ್ಟಿ ಲೇಪ. ಎಲ್ಲವೂ ಬಾಲದ ಕಡೆಗೆ ಬಾಗಿರುತ್ತವೆ. ಮುಂದಿನ ಅಂಚಿನಿಂದ ಹಿಂದಕ್ಕೆ ಸವರಿದರೆ ನುಣುಪು, ಹಿಂದಿನಿಂದ ಮುಂದಕ್ಕೆ ಸವರಿದರೆ ಮರಳುಕಾಗದ. ನಾನು ಇದನ್ನು ವಿವರಿಸುತ್ತಿದ್ದಾಗ ಅಕ್ಕನ ಕೈ ಆಗಲೇ ಓಡುತ್ತಿತ್ತು. ನೋಡದೆಯೇ, ಮುಟ್ಟಿ ಬೇರೆ ಮಾಡುತ್ತಿದ್ದರು.

ಬುಡ ಕೊಯ್ದ ಜಾಗ ನೋಡಿ ಬೆನ್ನುರೆಕ್ಕೆಯನ್ನು ಬಾಲದ ಕೆಳಹಾಲೆಯಿಂದ ಬೇರೆ ಮಾಡಬಹುದು. ಬೆನ್ನುರೆಕ್ಕೆಯ ಬುಡದಲ್ಲಿ ಮೃದ್ವಸ್ಥಿಯ ಬಿಲ್ಲೆಗಳು ಸಾಲಾಗಿ ಕಾಣುತ್ತವೆ, ಬಾಲದ ಕೆಳಹಾಲೆಯ ಬುಡದಲ್ಲಿ ಸ್ಪಂಜಿನಂಥ ಹಳದಿ ನಾರಷ್ಟೇ. ವ್ಯಾಪಾರದಲ್ಲಿ ಆ ಕೆಳಹಾಲೆಗೆ ಬೆಲೆ ಹೆಚ್ಚು, ನಾರು ಅದರಲ್ಲಿ ಹೆಚ್ಚು. ಬೆನ್ನುರೆಕ್ಕೆಗಳಲ್ಲಿ ಕೆಲವು ಬಹಳ ಎತ್ತರ, ತೆಳ್ಳಗೆ, ಮಾಸಲು ಕಂದು. ಸುತ್ತಿಗೆ ತಲೆಯ ಶಾರ್ಕಿನವು. ಬಂದರಿನಲ್ಲಿ ತಲೆ ಇರುವಾಗ ಚಿಕ್ಕ ಮಗುವೂ ಗುರುತಿಸುವ ಪ್ರಾಣಿ ಅದು. ಇಲ್ಲಿ ತಲೆಯಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದದ್ದು ಸಣ್ಣ ರೆಕ್ಕೆಗಳು. ಹೆಬ್ಬೆರಳಿನಷ್ಟುದ್ದದ, ಆದರೂ ಅದೇ ಎತ್ತರ-ತೆಳುವಿನ ಬೆನ್ನುರೆಕ್ಕೆಗಳು. ಮರಿಗಳು. ಒಂದು ಬೂತಾಯಿ ಮೀನು ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ. ಸುತ್ತಿಗೆ ಶಾರ್ಕ್ ಹತ್ತಾರು ಮರಿ ಹಾಕಲು ವರ್ಷದ ಹತ್ತಿರ ಬಸುರಿರುತ್ತದೆ. ಮರಿ ದೊಡ್ಡದಾಗಿ ತಾಯಾಗಲು ಎಷ್ಟೋ ವರ್ಷ ಬೇಕು. ಹಿಡಿದಷ್ಟು ಬೇಗ ಹುಟ್ಟುವ ಜೀವವಲ್ಲ. ಇದನ್ನು ಹೇಳುವಾಗ ಅಕ್ಕ ಒಂದು ಸಣ್ಣ ರೆಕ್ಕೆಯನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದರು. ಕೆಳಗಿಡಲು ಸ್ವಲ್ಪ ಹೊತ್ತು ಬೇಕಾಯಿತು.

ಆರನೆಯ ಚೀಲಕ್ಕೆ ಬಂದಾಗ ಅಕ್ಕನ ಕೈ ನಿಂತಿತು. "ಇವು ಬ್ಯಾರೆ ಮೀನಿನವು ರೀ. ಇವಕ್ಕ ಮಿಂಚದ. ಇದನ್ನ ಆ ರಾಶಿಗೆ ಕೂಡಿಸಬ್ಯಾಡ್ರಿ."

ತಿಳಿ ಬಣ್ಣದ, ನಯವಾದ ಹೊಳಪಿನ, ಚೂಪಾದ ರೆಕ್ಕೆಗಳು. ನನ್ನ ಎದೆ ಧಸಕ್ಕೆಂದಿತು. ಶಾರ್ಕಿನಂತೆ ಕಂಡರೂ ಶಾರ್ಕಲ್ಲದ ಜೀವಗಳಿವೆ: ಗಿಟಾರ್ ಮೀನು, ಗರಗಸ ಮೀನು. ಅವು ತೊರಕೆ (ರೇ) ಮೀನಿನ ಸಂಬಂಧಿಗಳು. ಶಾರ್ಕಿನ ಕಿವಿರು ಸೀಳುಗಳು ಕತ್ತಿನ ಪಕ್ಕದಲ್ಲಿದ್ದರೆ ಇವಕ್ಕೆ ಹೊಟ್ಟೆಯ ಕಡೆ, ಕೆಳಗೆ. ರೆಕ್ಕೆಯ ವ್ಯಾಪಾರದಲ್ಲಿ ಇವುಗಳಿಗೆ ಅತಿ ಹೆಚ್ಚಿನ ಬೆಲೆ. ನಮ್ಮ ಕಾಯ್ದೆಯ ಮೊದಲ ಪಟ್ಟಿಗೆ 2001ರಲ್ಲಿ ಸೇರಿದ ಕೆಲವೇ ಕಡಲ ಮೀನುಗಳಲ್ಲಿ ತಿಮಿಂಗಿಲ ಶಾರ್ಕ್, ಗಂಗಾ ಶಾರ್ಕ್‌ಗಳ ಜೊತೆ ಗರಗಸ ಮೀನು, ದೈತ್ಯ ಗಿಟಾರ್ ಮೀನು ಕೂಡ ಇವೆ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ.

ಪ್ರಾಣಿಯನ್ನು ತುಂಡು ಮಾಡಿದ ಕೂಡಲೇ ಅದರ ಹೆಸರು ಹೋಗುತ್ತದೆ. ತಲೆ, ಕಿವಿರು, ಗರಗಸ ಎಲ್ಲ ಕಡಲಿಗೆ ಹೋಗಿ, ನಮ್ಮ ಮುಂದೆ ಬರುವುದು ರೆಕ್ಕೆ ಎಂಬ ಒಂದೇ ಮಾತು. ರೆಕ್ಕೆಯನ್ನು ದೇಹದಿಂದ ಬೇರ್ಪಡಿಸದೆಯೇ ಶಾರ್ಕನ್ನು ದಡಕ್ಕೆ ತರಬೇಕೆಂದು 2013ರಲ್ಲಿ ಕೇಂದ್ರ ಪರಿಸರ ಸಚಿವಾಲಯ ನೀತಿ ತಂದದ್ದು ಏಕೆಂದು ನನಗೆ ಪುಸ್ತಕದಲ್ಲಿ ತಿಳಿದಿತ್ತು. ಅಂದು ಮಂಡಿಯೂರಿ ಕೂತಾಗ ಕಣ್ಣಿಗೆ ಕಂಡಿತು.

ಒಂದು ರಾತ್ರಿ

ಮಗ ಮೊದಲಿನಿಂದಲೂ ಹೇಳುತ್ತಿದ್ದದ್ದು ಒಂದೇ, ಚೀಲ ಹೊಲಿದು ವಾಪಸ್ ಕಳಿಸೋಣ, ಬಾಯಿ ಮುಚ್ಚಿಕೊಂಡಿರೋಣ. ಅವನನ್ನು ತಪ್ಪೆನ್ನಲಾರೆ. ಏಜೆಂಟ್ ಹೋದರೆ ಉದ್ರಿ ಹೋಗುತ್ತದೆ, ಉದ್ರಿ ಹೋದರೆ ಸಂತೆ ಹೋಗುತ್ತದೆ. ಆದರೆ ಗಾಬರಿಯಲ್ಲಿ ಅವನು ಏಜೆಂಟನಿಗೆ ಫೋನ್ ಮಾಡಿ "ಇದರಾಗ ಏನ್ ಕಳಿಸೀರಿ?" ಎಂದು ಕೇಳಿಬಿಟ್ಟ. ಆ ಕಡೆಯಿಂದ ಉತ್ತರ: "ನಾಳೆ ಮಧ್ಯಾಹ್ನ ಗಾಡಿ ಬರ್ತದ. ಕೊಟ್ಟು ಕಳಸ್ರಿ."

ಇನ್ನು ಉಳಿದದ್ದು ಒಂದು ರಾತ್ರಿ.

ಸುಟ್ಟುಬಿಡುವ ಮಾತು ಬಂತು, ಹೊಳೆಗೆ ಹಾಕುವ ಮಾತು ಬಂತು. ಪರಿಚಯದ ವಕೀಲರೊಬ್ಬರನ್ನು ಕರೆಸಿದೆವು. ಅವರು ಬಿಡಿಸಿ ಹೇಳಿದ್ದು ಎಲ್ಲರನ್ನೂ ಸುಮ್ಮನಾಗಿಸಿತು. ಮೊದಲ ಪಟ್ಟಿಯ ಪ್ರಾಣಿಯ ಭಾಗ ಕೈಯಲ್ಲಿದ್ದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ. ಇಂಥ ವಸ್ತು ಯಾರ ಹತೋಟಿಯಲ್ಲಿ ಸಿಗುತ್ತದೆಯೋ ಅವರೇ ಅದು ಅಕ್ರಮವಲ್ಲವೆಂದು ಸಾಬೀತು ಮಾಡಬೇಕು, ಕಾಯ್ದೆಯ 57ನೇ ಕಲಂ ಹಾಗಿದೆ. ಸುಟ್ಟರೆ ಸಾಕ್ಷ್ಯ ನಾಶ. ವಾಪಸ್ ಕೊಟ್ಟರೆ, ಗೊತ್ತಿದ್ದೂ ಸಾಗಿಸಿದಂತೆ. ಹೇಳಿದರೆ, ಹೇಳಿದವರೇ ಸಿಕ್ಕಿಬೀಳುವ ಭಯ.

ಅವರು ನನ್ನ ಒಂದು ತಪ್ಪನ್ನೂ ತೋರಿಸಿದರು. ಐದು ಚೀಲದ ರೆಕ್ಕೆಗಳನ್ನು ಒಂದೇ ತಾಡಪಾಲಿನ ಮೇಲೆ ಜಾತಿವಾರು ರಾಶಿ ಹಾಕಿದ್ದೆ. ಯಾವುದು ಯಾವ ಚೀಲದ್ದೆಂಬ ಗುರುತು ಅಳಿಸಿಹೋಗಿತ್ತು. ಪಾಠ ಮಾಡುವವನ ಅಭ್ಯಾಸ, ತನಿಖೆಗೆ ಆದ ಹಾನಿ. ಅಕ್ಕ ತಡೆದದ್ದರಿಂದ ಆರನೆಯ ಚೀಲವೊಂದು ಪ್ರತ್ಯೇಕ ಉಳಿದಿತ್ತು.

ಹತ್ತು ಗಂಟೆಯ ಹೊತ್ತಿಗೆ ಅಕ್ಕ ತೀರ್ಮಾನ ಹೇಳಿದರು. "ಗೊತ್ತಿಲ್ಲದಾಗ ಇಟ್ಕೊಂಡೆ. ಗೊತ್ತಾದ ಮ್ಯಾಲ ಇಟ್ಕೊಂಡ್ರ ಅದು ನಂದಾಗ್ತದ."

ಮಗಳು ಕನ್ನಡದಲ್ಲಿ ಅರ್ಜಿ ಬರೆದಳು. ಚೀಲ ಬಂದ ದಿನ, ಫೋನ್ ಮಾತು, ಮುಂಗಡದ ಮೊತ್ತ, ನಾನು ಮೊದಲು ಹೇಳಿದ ತಪ್ಪು ಮಾತು, ನಾವು ಬಿಚ್ಚಿ ನೋಡಿದ್ದು, ಏನನ್ನೂ ಬಿಡಲಿಲ್ಲ. ಬೆಳಿಗ್ಗೆ ಒಂದು ಕಚೇರಿಗೆ ಹೋದರೆ, ಮೀನಿನ ವಿಷಯ ನಮ್ಮದಲ್ಲ ಎಂದರು. ಇನ್ನೊಂದಕ್ಕೆ ಹೋದರೆ, ಇದು ಕಾಡುಪ್ರಾಣಿಯ ಕಾಯ್ದೆ, ಅಲ್ಲಿಗೇ ಹೋಗಿ ಎಂದರು. ಮತ್ತೆ ಮೊದಲಿನದಕ್ಕೆ ಬಂದೆವು. ವಕೀಲರು ಕಾಯ್ದೆಯ ಪಟ್ಟಿಯ ಪುಟವನ್ನು ಮೇಜಿನ ಮೇಲಿಟ್ಟು, ಸಾಲಿನ ಕೆಳಗೆ ಬೆರಳಿಟ್ಟು ತೋರಿಸಿದ ಮೇಲೆ ಅರ್ಜಿ ತೆಗೆದುಕೊಂಡರು. ಮೊಹರು, ತಾರೀಕು, ವೇಳೆ ಹಾಕಿಸಿಕೊಂಡು ಸ್ವೀಕೃತಿ ಪಡೆದೆವು. ಮಹಜರು ಆದದ್ದು ಅದರ ಮೂರು ಗಂಟೆ ನಂತರ.

ಆ ಮೂರು ಗಂಟೆಯ ಅಂತರವೇ ಅಕ್ಕನನ್ನು ಉಳಿಸಿತು. ಸ್ವೀಕೃತಿ ಮೊದಲು, ಮಹಜರು ಆಮೇಲೆ ಎಂಬ ಕಾರಣಕ್ಕೆ ಅವರ ಹೆಸರು ಕಡತದಲ್ಲಿ ಮಾಹಿತಿ ಕೊಟ್ಟವರ ಸಾಲಿನಲ್ಲಿ ಬಂತು. ಇಂಥ ಸಂದರ್ಭದಲ್ಲಿ ಬಾಯಿಮಾತಿನ ದೂರಿಗೆ ನಿಲ್ಲಬಾರದು ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.

ಮಧ್ಯಾಹ್ನ ಬರಬೇಕಿದ್ದ ಗಾಡಿ ಬರಲಿಲ್ಲ. ಏಜೆಂಟನ ಫೋನ್ ಅಂದಿನಿಂದ ಬಂದ್.

ಹೆಸರಿನ ಗಂಟು

ರೆಕ್ಕೆಯ ಬುಡದಲ್ಲಿ ಉಳಿದ ಒಣ ಮಾಂಸದ ಚೂರಿನಿಂದಲೂ ಡಿಎನ್‌ಎ ತೆಗೆಯಬಹುದು. ಮಾದರಿಗಳು ಹೋದವು, ವರದಿ ಬರಲು ಏಳು ತಿಂಗಳು ಹಿಡಿಯಿತು.

ಈ ನಡುವೆ ಜಗತ್ತು ಸುಮ್ಮನಿರಲಿಲ್ಲ. 2019ರ ಜುಲೈನಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿ ಹೊಸದಾಗಿ ಬಂದಾಗ, ದೊಡ್ಡ ಗಿಟಾರ್ ಮೀನುಗಳ ಗುಂಪಿನ 16 ಜಾತಿಗಳಲ್ಲಿ 15 ತೀವ್ರ ಅಪಾಯದಲ್ಲಿವೆ ಎಂದಿತ್ತು. ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ದೇಶಗಳ ಒಪ್ಪಂದ ಸೈಟಿಸ್. ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಸೇರಿದ ಅದರ ಸಭೆ ಇವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಹಾಕಿತು.

ವರದಿಯಲ್ಲಿ ಐದು ಚೀಲಗಳ ರೆಕ್ಕೆಗಳು ರೇಷ್ಮೆ ಶಾರ್ಕ್, ಕಪ್ಪು ತುದಿಯ ಎರಡು ಜಾತಿ, ಸುತ್ತಿಗೆ ಶಾರ್ಕ್ ಎಂದಾದವು. ಸುತ್ತಿಗೆ ಶಾರ್ಕ್ 2014ರಿಂದ, ರೇಷ್ಮೆ ಶಾರ್ಕ್ 2017ರಿಂದ ಸೈಟಿಸ್ ನಿಯಂತ್ರಣದಲ್ಲಿದ್ದವು. ಆದರೆ ಆಗಿನ ನಮ್ಮ ಮೊದಲ ಪಟ್ಟಿಯಲ್ಲಿ ಇರಲಿಲ್ಲ. ದೇಶ ದಾಟಿಸಿದರೆ ಅಪರಾಧ, ಗೋದಾಮಿನಲ್ಲಿದ್ದರೆ ಅಲ್ಲ.

ಆರನೆಯ ಚೀಲ ಗರಗಸ ಮೀನಿನದಲ್ಲ, ಗಿಟಾರ್ ಮೀನಿನದೇ. ಕುಲ ರಿಂಕೋಬ್ಯಾಟಸ್, ಜಾತಿ ಆಸ್ಟ್ರೇಲಿಯೆ. 2001ರ ಪಟ್ಟಿಯಲ್ಲಿ ಅಚ್ಚಾದ ಹೆಸರು ರಿಂಕೋಬ್ಯಾಟಸ್ ಜಿಡ್ಡೆನ್ಸಿಸ್. ಹಿಂದೆ ನಮ್ಮ ಕಡಲಿನ ದೊಡ್ಡ ಗಿಟಾರ್ ಮೀನುಗಳನ್ನೆಲ್ಲ ಆ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದರು. ಆಮೇಲೆ ವರ್ಗೀಕರಣಕಾರರು ಸೂಕ್ಷ್ಮವಾಗಿ ನೋಡಿ, ಜಿಡ್ಡೆನ್ಸಿಸ್ ಎಂಬುದು ಹಿಂದೂ ಮಹಾಸಾಗರದ ಪಶ್ಚಿಮ ಭಾಗದ್ದು, ನಮ್ಮ ತೀರದಲ್ಲಿರುವುದು ಆಸ್ಟ್ರೇಲಿಯೆ, ಲೇವಿಸ್ ಎಂದು ಬೇರ್ಪಡಿಸಿದರು. ವಿಜ್ಞಾನ ಮುಂದೆ ಹೋಯಿತು, ಕಾಯ್ದೆಯ ಸಾಲು ಅಲ್ಲೇ ನಿಂತಿತ್ತು. ಪ್ರಾಣಿ ಅದೇ, ಅಪಾಯ ಅದೇ, ಹೆಸರು ಮಾತ್ರ ಬೇರೆ.

ಕಡತ ಆ ಗಂಟಿನಲ್ಲಿ ಸಿಕ್ಕಿಕೊಂಡಿತು. ಈ ವರದಿಯನ್ನು ನನಗೆ ಓದಿ ಹೇಳಿದ ದಿನ ಆದ ನೋವು ಇವತ್ತಿಗೂ ಇದೆ. ಕೈಯಲ್ಲಿ ಮುಟ್ಟಿ ಇದು ಬೇರೆ ಎಂದು ಹೇಳಿದ ಹೆಂಗಸಿನ ಮುಂದೆ, ಅದು ಬೇರೆಯೇ ಆದರೂ ಸಾಲಿನಲ್ಲಿಲ್ಲ ಎಂದು ಹೇಗೆ ಹೇಳುವುದು? ಹೇಳಿದೆ. ಅವರು ಕೇಳಿದ್ದು, "ಮತ್ತ ಆ ಸಾಲು ಯಾರು ತಿದ್ದಬೇಕ್ರಿ?"

2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಪಟ್ಟಿಗಳನ್ನು ಹೊಸದಾಗಿ ಬರೆದು, ಸೈಟಿಸ್ ಪಟ್ಟಿಯ ಪ್ರಾಣಿಗಳಿಗೆಂದೇ ನಾಲ್ಕನೆಯ ಪಟ್ಟಿ ಬಂತು. ಹಳೆಯ ಕಡತಕ್ಕೆ ಅದು ಹಿಂದಕ್ಕೆ ಹೋಗಿ ಅನ್ವಯಿಸುವುದಿಲ್ಲ. ಏಜೆಂಟ್ ಸಿಕ್ಕಿಲ್ಲ.

ಆಮೇಲೆ

ಒಂದು ಇಡೀ ಹಂಗಾಮು ಅಕ್ಕನಿಗೆ ಯಾರೂ ಉದ್ರಿ ಕೊಡಲಿಲ್ಲ. ಕರಾವಳಿಯ ವ್ಯಾಪಾರಿಗಳ ನಡುವೆ ಸುದ್ದಿ ಬೇಗ ಓಡುತ್ತದೆ. ಮಗ ಹತ್ತಿಯ ಲೋಡು ಹೊಡೆದು ಮನೆ ನಡೆಸಿದ. ತಾಯಿಯ ಜೊತೆ ಕೆಲವು ತಿಂಗಳು ಮಾತಾಡಲಿಲ್ಲ. ಏಜೆಂಟನಿಂದ ಬಂದ ಮುಂಗಡವನ್ನು ಅಕ್ಕ ಮುಟ್ಟದೆ ಇಟ್ಟಿದ್ದರು, ಮಹಜರಿನ ದಿನ ಅದನ್ನೂ ಒಪ್ಪಿಸಿದರು. ಆ ದಿನಗಳಲ್ಲಿ ಆ ದುಡ್ಡು ಅವರಿಗೆ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತು. ಈಗ ಪಶ್ಚಿಮ ಕರಾವಳಿಯಿಂದ ನಗದು ಕೊಟ್ಟು ತರಿಸುತ್ತಾರೆ. ಸರಕು ಕಡಿಮೆ, ಲಾಭ ಕಡಿಮೆ. ಬಾಯಿ ಹೊಲಿದ ಚೀಲ ಇಳಿಸಿಕೊಳ್ಳುವುದಿಲ್ಲ, ಗಾಡಿಯ ಮೇಲೇ ಬಿಚ್ಚಿಸಿ ಮೂರು ಕಡೆ ಕೈ ಹಾಕುತ್ತಾರೆ.

ನನ್ನ ಪ್ರಯೋಗಾಲಯದಲ್ಲೂ ಪಾಠ ಬದಲಾಗಿದೆ. ಒಂದೇ ಮಾದರಿ ಕೊಟ್ಟು ಗುರುತಿಸಿ ಎನ್ನುವುದನ್ನು ಬಿಟ್ಟೆ. ಮಿಶ್ರ ಮಾಡಿದ ಒಣಮೀನಿನ ಬುಟ್ಟಿ ಇಟ್ಟು, ಇದರಲ್ಲಿ ಎಷ್ಟು ಬಗೆ ಇದೆ, ಯಾವುದರ ಬಗ್ಗೆ ನಿಮಗೆ ಹೇಳಲಾಗದು ಎಂದು ಬರೆಸುತ್ತೇನೆ. ಎರಡನೆಯ ಪ್ರಶ್ನೆಗೆ ಅಂಕ ಹೆಚ್ಚು. ಅಕ್ಕನ ಮಗಳು ಎಂ.ಎಸ್ಸಿ. ಮುಗಿಸಿದಳು.

ಕಳೆದ ಸಂಕ್ರಾಂತಿಯ ಹೊತ್ತಿಗೆ ಅಕ್ಕ ಫೋನ್ ಮಾಡಿದರು. ಹೊಸ ಸರಕಿನಲ್ಲಿ ನಾಲ್ಕೈದು ಉಪ್ಪು ಹಾಕಿದ ಶಾರ್ಕಿನ ತುಂಡು ಸೇರಿಕೊಂಡು ಬಂದಿವೆ. ಗೇಣುದ್ದದವು, ತಿನ್ನಲು ಮಾರುವಂಥವು. ಹೋಗಿ ನೋಡಿದೆ. ತಲೆಯಿಲ್ಲ, ರೆಕ್ಕೆಯಿಲ್ಲ, ಬಾಲವಿಲ್ಲ. ಹಿಂದಿನಿಂದ ಮುಂದಕ್ಕೆ ಸವರಿದೆ, ಮರಳುಕಾಗದ. ಅದಕ್ಕಿಂತ ಹೆಚ್ಚೇನೂ ನನ್ನಿಂದ ಹೇಳಲಾಗಲಿಲ್ಲ, ಹಾಗೆಂದೇ ಹೇಳಿದೆ. ಅಕ್ಕ ತಲೆಯಾಡಿಸಿ ತುಂಡುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ತಕ್ಕಡಿಯಿಂದ ದೂರದ ಗೂಟಕ್ಕೆ ನೇತುಹಾಕಿದರು. ಒಂದು ಚೂರನ್ನು ಕೊಯ್ದು ನನ್ನ ಕೈಗೆ ಕೊಟ್ಟು, "ಮಗಳಿಗೆ ಕಳಸ್ರಿ" ಎಂದರು.